ಒತ್ತೆಯಿಟ್ಟ ಕಡೂರು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟದವರಿಗೆ ಬೇಲಿಯ ಬೆಲೆ ಚೆನ್ನಾಗಿ ಗೊತ್ತು. ಬೇಲಿ ಮುರಿದು ದನ ನುಗ್ಗಿತೆನ್ನಿ. ಒಂದು ಹೊರೆ ಹುಲ್ಲು ತೋರಿಸಿ ಅದನ್ನು ಹೊರಗೆ ಕರೆಯಬಹುದು. ಬೇಲಿ ಕಟ್ಟದೆ ಬಿಟ್ಟರೆ ಮಾತ್ರ ಮರುದಿನ ಅದೇ ದನ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ರಾಜ್ಯಗಳ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ. ಇದಕ್ಕೆ ಸಾಕ್ಷಿ ಬೇಕಾದರೆ ಬಾಬಾಬುಡನ್ ಗಿರಿಯ ಕೆಳಗೆ ಹರಡಿರುವ ಕಡೂರಿನ ಬಯಲನ್ನೇ ಕೇಳಬಹುದು.

1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ಕಪ್ಪ ಕೇಳಿದನು. ಮೈಸೂರಿನ ಮುಖ್ಯ ಸೈನ್ಯ ಆಗ ದೂರದ ತಿರುಚಿನಾಪಳ್ಳಿಯಲ್ಲಿತ್ತು. ದಳವಾಯಿ ದೇವರಾಜಯ್ಯನು 56 ಲಕ್ಷ ರೂಪಾಯಿಗೆ ಒಪ್ಪಿದನು. ಅರಮನೆಯ ಬೆಳ್ಳಿಬಂಗಾರ, ದೇವಾಲಯಗಳ ಒಡವೆ ಎಲ್ಲವೂ ಹೋದವು. ಆದರೂ ಮೊತ್ತ ಪೂರ್ತಿಯಾಗಲಿಲ್ಲ.

1757ರಲ್ಲಿ ಪೇಶ್ವೆಯ ಮರಾಠಾ ಸೈನ್ಯ ಬಂದು ಮುತ್ತಿಗೆ ಹಾಕಿತು. ಬರಿದಾದ ಬೊಕ್ಕಸದ ಮುಂದೆ ನಿಂತ ನಂಜರಾಜಯ್ಯನು 32 ಲಕ್ಷಕ್ಕೆ ಒಪ್ಪಿ, ಕೈಲಾದಷ್ಟು ಕೊಟ್ಟು, ಉಳಿದುದಕ್ಕೆ ಕೆಲವು ಸೀಮೆಗಳನ್ನು ಒತ್ತೆಯಿಟ್ಟನು. ಅವುಗಳಲ್ಲಿ ಕಡೂರು, ಬಾಣಾವರಗಳೂ ಇದ್ದವು. ಕಂದಾಯ ಎತ್ತಲು ಮರಾಠರ ಆಳುಗಳು ಬಂದರು. ಕಡೂರಿನ ರೈತನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಹಣ ಹೊರಗೆ ಹೋದ ಮೇಲೆ ಮನೆಯೊಳಗೂ ಕಷ್ಟ ಬಂತು. ಮರುವರ್ಷ ಸಂಬಳ ಸಿಗದ ಸೈನಿಕರು ನಂಜರಾಜಯ್ಯನ ಬಾಗಿಲಲ್ಲೇ ಧರಣಿ ಕೂತರು. ಅವರ ಬಾಕಿ ತೀರಿಸಿದವನು ಹೈದರಾಲಿ. ಒತ್ತೆಯ ಸೀಮೆಗಳಿಂದ ಮರಾಠರ ಆಳುಗಳನ್ನು ಹೊರಡಿಸಿರೆಂದು ಸಲಹೆ ಕೊಟ್ಟವನೂ ಅವನೇ. ಮರಾಠರು ಗೋಪಾಲರಾಯನ ನಾಯಕತ್ವದಲ್ಲಿ ಮತ್ತೆ ಬಂದರು. ಈ ಸಲ ಹೈದರನ ಪಡೆ ಎದುರು ನಿಂತಿತು. ಕೊನೆಗೆ ಆದ ಒಪ್ಪಂದದ ಮೊತ್ತ ಆಗಲೂ 32 ಲಕ್ಷವೇ! ಆದರೆ ಮೊದಲ ಸಲ ಸೀಮೆಗಳು ಕೈಬಿಟ್ಟು ಹೋಗಿದ್ದವು. ಎರಡನೆಯ ಸಲ ಅವು ಹಿಂದಕ್ಕೆ ಬಂದವು. ನಡುವೆ ಸೈನ್ಯವೊಂದು ನಿಂತಿದ್ದುದೇ ವ್ಯತ್ಯಾಸ. ಮರಾಠರು ಮುಂದೆಯೂ ದಂಡೆತ್ತಿ ಬಂದರೆಂಬುದು ನಿಜ. ದೊರೆಯ ಅಧಿಕಾರವೂ ಉಳಿಯಲಿಲ್ಲ. 1761ರ ವೇಳೆಗೆ ಅದು ಹೈದರನ ಕೈ ಸೇರಿತ್ತು.

1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ನಡೆದುದೂ ಇಂಥದೇ ವ್ಯಾಪಾರ. ಬ್ರಿಟನ್ನು, ಫ್ರಾನ್ಸುಗಳು ಚೆಕೊಸ್ಲೊವಾಕಿಯದ ಸುಡೆಟನ್ ಸೀಮೆಯನ್ನು ಹಿಟ್ಲರನಿಗೆ ಒಪ್ಪಿಸಿದವು. ನೆಲ ಕಳೆದುಕೊಂಡವರಿಗೆ ಆ ಮಾತುಕತೆಯಲ್ಲಿ ಮಣೆಯಿರಲಿಲ್ಲ. ಆ ದೇಶದ ಗಡಿಕೋಟೆಗಳ ಸಾಲು ಇದ್ದುದು ಅಲ್ಲಿಯೇ. ಬೇಲಿ ಹೋಯಿತು, 1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರವನ್ನೇ ಹೊಕ್ಕಿತು.

ಹಾಗೆಂದು ಸಂಧಾನವೆಲ್ಲ ಹೇಡಿತನವಲ್ಲ. ಕೊಟ್ಟು ಕಾಲವನ್ನು ಕೊಳ್ಳುವುದೂ ಕೆಲವೊಮ್ಮೆ ಜಾಣತನವೇ. ಕೊಂಡ ಕಾಲವನ್ನು ನಿದ್ದೆಯಲ್ಲಿ ಕಳೆಯಬಾರದು, ಅಷ್ಟೆ. ಮುಂದೆ ವಾರ್ತೆಯಲ್ಲಿ ಯಾವುದೋ ದೇಶ ಶಾಂತಿಗಾಗಿ ಏನನ್ನೋ ಬಿಟ್ಟುಕೊಟ್ಟಿತೆಂದು ಕೇಳಿದಾಗ ನೀವು ಎರಡು ಪ್ರಶ್ನೆ ಹಾಕಿಕೊಳ್ಳಿ: ಕೊಟ್ಟದ್ದು ಯಾರ ನೆಲ? ಉಳಿದ ಬೇಲಿಯನ್ನು ಯಾರು ಕಟ್ಟುತ್ತಿದ್ದಾರೆ?