ಸೂಜಿ ಮೊದಲೋ, ಪರೀಕ್ಷೆ ಮೊದಲೋ?

ಇವತ್ತು ರಾಜಕೀಯ ಬೇಡ, ಕುರಿ ಕಾಲಿನ ಬಗ್ಗೆ ಮಾತಾಡೋಣ. ನಗಬೇಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಬೋರ್‌ವೆಲ್ ಕೈಕೊಟ್ಟ ವರ್ಷ ಮಕ್ಕಳ ಫೀಸು ಕಟ್ಟೋದು, ಬಡ್ಡಿ ತೀರಿಸೋದು ರೊಪ್ಪದಲ್ಲಿರೋ ನಾಲ್ಕು ಕುರಿ.

ಮಳೆಗಾಲದಲ್ಲಿ ಆ ಕುರಿ ಕುಂಟೋಕೆ ಶುರು ಮಾಡುತ್ತೆ. ಯಾಕೆ? ಕಾಲುಬಾಯಿ ಜ್ವರ ಇರಬಹುದು, ಅದು ವೈರಸ್. ನೀಲಿ ನಾಲಿಗೆ ರೋಗ ಇರಬಹುದು, ಅದೂ ವೈರಸ್. ಇಲ್ಲವೇ ಗೊರಸು ಕೊಳೆಯುವ ರೋಗ. ಅದು ಬ್ಯಾಕ್ಟೀರಿಯಾ, ಹೆಸರು ಡೈಕೆಲೋಬ್ಯಾಕ್ಟರ್ ನೋಡೋಸಸ್. ಕುರಿಗಳಲ್ಲಿ ಕಾಲುಬಾಯಿಯ ಹುಣ್ಣು ಎಷ್ಟೋ ಸಲ ಎದ್ದು ಕಾಣಲ್ಲ. ಕಣ್ಣಿಗೆ ಬೀಳೋದು ಕುಂಟು ಒಂದೇ. ಆದ್ರೆ ಆಂಟಿಬಯೋಟಿಕ್ ಕೊಟ್ಟರೆ ವೈರಸ್ ಸಾಯಲ್ಲ. ಕಾಲುಬಾಯಿ ಲಸಿಕೆ ಹಾಕಿಸಿದ ಮಾತ್ರಕ್ಕೆ ಗೊರಸು ಕೊಳೆಯೋದು ನಿಲ್ಲಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಮೋಟರ್ ನಿಂತರೆ ಮೊದಲು ಟೆಸ್ಟರ್ ಹಿಡಿದು ನೋಡ್ತೀವಿ, ಆಮೇಲೆ ತಾನೇ ಸ್ಪ್ಯಾನರ್? ಕುರಿಗೆ ಮಾತ್ರ ಮೊದಲೇ ಸೂಜಿ ಯಾಕೆ?

ಕಷ್ಟ ಇದೆ, ಒಪ್ಪೋಣ. ಈ ಬ್ಯಾಕ್ಟೀರಿಯಾ ಗಾಳಿ ತಾಗಿದರೆ ಬೆಳೆಯಲ್ಲ. ಲ್ಯಾಬಿನಲ್ಲಿ ಆಮ್ಲಜನಕ ಇಲ್ಲದ ಕಡೆ ಇಟ್ಟು ದಿನಗಟ್ಟಲೆ ಬೆಳೆಸಬೇಕು. ಅಷ್ಟರಲ್ಲಿ ಮಂದೆಯೇ ಕುಂಟಿರುತ್ತೆ. ಪಿಸಿಆರ್ ಪರೀಕ್ಷೆ ಬಂದ ಮೇಲೆ ದಾರಿ ಸಲೀಸಾಗಿದೆ. ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿದ್ರಲ್ಲ, ಹಾಗೇ ಗೊರಸಿನ ಸಂದಿಗೆ ಹತ್ತಿಕಡ್ಡಿ. ರೋಗಾಣು ಅಪಾಯದ ತಳಿಯೋ, ಸಾಧು ತಳಿಯೋ ಅಂತಲೂ ಗೊತ್ತಾಗುತ್ತೆ. ಸ್ವಿಟ್ಜರ್ಲೆಂಡ್ 2024ರ ಅಕ್ಟೋಬರ್‌ನಿಂದ ಇದೇ ಪರೀಕ್ಷೆ ಇಟ್ಟುಕೊಂಡು ದೇಶದಿಂದಲೇ ಈ ರೋಗ ಓಡಿಸೋಕೆ ಹೊರಟಿದೆ. ನಮ್ಮ ಕಾಶ್ಮೀರದ ವಿಜ್ಞಾನಿಗಳು ಅಲ್ಲಿನ ಕುರಿಗಳಲ್ಲಿ ಈ ರೋಗಾಣುವನ್ನು ಪತ್ತೆ ಹಚ್ಚಿದ್ದಾರೆ. ಪಕ್ಕದ ಆಂಧ್ರದಲ್ಲೂ ಸಿಕ್ಕಿದೆ. ಗೌರಿಬಿದನೂರು ದಾಟಿದರೆ ಹಿಂದೂಪುರ. ಸಂತೆಗೆ ಹೋಗೋ ಕುರಿಗೆ ರಾಜ್ಯದ ಗಡಿ ಗೊತ್ತಾ?

ನಮ್ಮಲ್ಲಿ ಏನು ಕಮ್ಮಿ ಇದೆ ಹೇಳಿ? ಹೆಬ್ಬಾಳದಲ್ಲಿ 1925ರಲ್ಲಿ ಶುರುವಾದ ಪಶು ಆರೋಗ್ಯ ಸಂಸ್ಥೆ ಇದೆ, ಪಶುವೈದ್ಯಕೀಯ ಕಾಲೇಜಿದೆ. ಯಲಹಂಕದಲ್ಲಿ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಇದೆ. ಯಾವುದೂ ಚಿಕ್ಕಬಳ್ಳಾಪುರದಿಂದ ಬಹಳ ದೂರ ಇಲ್ಲ. ಬೇಕಿರೋದು ಎರಡು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೊಟ್ಟ ಹತ್ತಿಕಡ್ಡಿಯ ಫಲಿತಾಂಶ ಬೇಗ ರೈತನ ಮೊಬೈಲಿಗೆ ಬರಬೇಕು. ರೊಪ್ಪದ ಬಾಗಿಲಲ್ಲೇ ಉತ್ತರ ಕೊಡೋ ಅಗ್ಗದ ಕಿಟ್ ಕಂಡುಹಿಡಿಯೋಕೆ ಸಂಶೋಧನೆಗೆ ದುಡ್ಡು ಇಡಬೇಕು.

ಅಲ್ಲಿವರೆಗೆ ಕುರಿ ಸಾಕೋರು ಇಷ್ಟು ಮಾಡಿ. ಕುಂಟೋ ಕುರಿ ಬೇರೆ ಕಟ್ಟಿ. ರೊಪ್ಪ ಒಣಗಿರಲಿ. ಸಂತೆಯಿಂದ ತಂದ ಕುರಿಯನ್ನು ನೇರ ಮಂದೆಗೆ ಬಿಡಬೇಡಿ. ಡಾಕ್ಟರನ್ನು ಕೇಳಿ ಜಿಂಕ್ ಸಲ್ಫೇಟ್ ನೀರಲ್ಲಿ ಕಾಲು ಅದ್ದಿಸಿ.

ಇನ್ನು ಅಧಿಕಾರದಲ್ಲಿ ಇರೋರಿಗೆ ಒಂದೇ ಮಾತು. ಕುಂಟೋ ಕುರಿ ವೋಟ್ ಹಾಕಲ್ಲ, ನಿಜ. ಅದನ್ನು ಸಾಕೋರು ಹಾಕ್ತಾರೆ.