ಬೂದಿಹೊಂಡದ ಸುತ್ತಲ ಮಣ್ಣು
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಶಿಬಿರದಲ್ಲಿ ಬಯಲುಸೀಮೆಯ ದೇವಸುಗೂರಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಮನೆಯ ದೀಪದಲ್ಲಿ ಶರಾವತಿಯ ನೀರಿನ ಪಾಲಿರುವಂತೆ ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನ ಪಾಲೂ ಇದೆ. ಕೃಷ್ಣೆಯ ದಡದಲ್ಲಿ, ಸೂಗೂರೇಶ್ವರನ ಸನ್ನಿಧಿಯಿಂದ ಹೆಸರಾದ ದೇವಸುಗೂರಿನ ಮಗ್ಗುಲಲ್ಲಿ, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಕ್ರಮೇಣ ಘಟಕಗಳು ಎಂಟಾಗಿ, ಒಟ್ಟು ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಉರಿದರೆ ಸುಮಾರು 30ರಿಂದ 45 ಕಿಲೋ ಬೂದಿ ಉಳಿಯುತ್ತದೆ. ಒಂದು ಭಾಗ ಸಿಮೆಂಟು, ಇಟ್ಟಿಗೆಗಳಿಗೆ ಹೋಗುತ್ತದೆ. ಉಳಿದುದು ನೀರಿನೊಡನೆ ಹೊಂಡಗಳನ್ನು ಸೇರುತ್ತದೆ. ಒಣಗಿದಾಗ ಗಾಳಿಗೆ ಏಳುತ್ತದೆ.

ಹೊಂಡಗಳಲ್ಲಿ ಕೂಡಿಬಿದ್ದ ಹಳೆಯ ಬೂದಿಯನ್ನೂ, ಭದ್ರಪಡಿಸಿ ಹಸಿರು ಹೊದಿಸಿದ ಹೊಂಡಗಳನ್ನು ಬಿಟ್ಟು, ಹಂತಹಂತವಾಗಿ ಬಳಸಿ ಮುಗಿಸಬೇಕೆಂದು ಕೇಂದ್ರದ 2021ರ ಡಿಸೆಂಬರ್ ಅಧಿಸೂಚನೆ ವಿಧಿಸಿದೆ. ಬೂದಿ ತೆಗೆದ ಮೇಲೆ ಆ ನೆಲ ಯಾವುದಕ್ಕೆ ಯೋಗ್ಯ? ಸುತ್ತಲ ಹೊಲಗಳ ಗತಿಯೇನು? ಒಂದು ಹಿಡಿ ಮಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಇದಕ್ಕೆ ಉತ್ತರ ಪಡೆಯಲಾಗದು. ಅಳೆಯಬೇಕಾದುದು ಮೂರು: ದೂರ, ಆಳ, ಮೂಲ.

ಮೊದಲನೆಯದು ದೂರ. ಹೊಂಡದ ಅಂಚಿನಿಂದ ಅರ್ಧ, ಒಂದು, ಎರಡು, ಐದು ಕಿಲೋಮೀಟರ್ ಅಂತರದಲ್ಲಿ ನಾಲ್ಕು ದಿಕ್ಕಿಗೂ ಮಾದರಿ ತೆಗೆಯಬೇಕು. ಮುಂಗಾರಿನಲ್ಲಿ ಪಶ್ಚಿಮದಿಂದ ಬಲವಾಗಿ ಗಾಳಿ ಬೀಸುವುದರಿಂದ ಪೂರ್ವಕ್ಕೆ ಹೆಚ್ಚು ಮಾದರಿಗಳು ಬೇಕು. ಬೂದಿ ಲಾರಿಗಳು ಓಡಾಡುವ ರಸ್ತೆಯ ಬದಿಯನ್ನು ಪ್ರತ್ಯೇಕವಾಗಿ ಲೆಕ್ಕಹಾಕಬೇಕು.

ಎರಡನೆಯದು ಆಳ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಧೂಳು ಆ ಬಿರುಕುಗಳಲ್ಲಿ ಮೊಣಕಾಲುದ್ದ ಕೆಳಗಿಳಿಯುತ್ತದೆ. ಮಳೆ ಬಂದಾಗ ಬಿರುಕು ಮುಚ್ಚಿ, ಬೂದಿ ಒಳಗೇ ಉಳಿಯುತ್ತದೆ. ಆದ್ದರಿಂದ ಮೇಲ್ಪದರವನ್ನು ಮಾತ್ರ ನೋಡಿ ‘ದೋಷವಿಲ್ಲ’ ಎನ್ನುವುದು ಅವಸರದ ತೀರ್ಪು. ಮೇಲಿನ ಐದು ಸೆಂಟಿಮೀಟರ್, ಅನಂತರ 15, 30, 60 ಸೆಂಟಿಮೀಟರ್‌ಗಳವರೆಗಿನ ಪದರಗಳನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಈ ಮಣ್ಣು ಕ್ಷಾರಗುಣದ್ದು. ಇಲ್ಲಿ ಸೀಸ ಬಹುಮಟ್ಟಿಗೆ ಬಿದ್ದಲ್ಲೇ ನಿಲ್ಲುತ್ತದೆ. ಆರ್ಸೆನಿಕ್, ಸೆಲೆನಿಯಂಗಳು ನೀರಿನೊಡನೆ ಸಾಗುವ ಸಂಭವ ಹೆಚ್ಚು. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಆರ್ಸೆನಿಕ್ ಇನ್ನಷ್ಟು ಸಡಿಲಗೊಳ್ಳುತ್ತದೆ. ನಮ್ಮ ಆಮ್ಲೀಯ ಜಂಬಿಟ್ಟಿಗೆ ಮಣ್ಣಿನಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಕಬ್ಬಿಣದ ಅಂಶ ಆರ್ಸೆನಿಕ್ಕನ್ನು ಹಿಡಿದಿಡುತ್ತದೆ, ಕ್ಯಾಡ್ಮಿಯಂ ಸುಲಭವಾಗಿ ಕರಗುತ್ತದೆ.

ಮೂರನೆಯದು ಮೂಲ. ಹಟ್ಟಿಯ ಚಿನ್ನದ ಗಣಿಯಿರುವ ಈ ಸೀಮೆಯ ಕೆಲವು ಶಿಲೆಗಳಲ್ಲಿ ಆರ್ಸೆನಿಕ್ ಸಹಜವಾಗಿಯೇ ಇದೆ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ಆರ್ಸೆನಿಕ್ ಜನರ ಚರ್ಮವನ್ನೇ ಕೆಡಿಸಿತು; ಅಲ್ಲಿ ಬೂದಿಹೊಂಡವಿರಲಿಲ್ಲ. ಎಲ್ಲವನ್ನೂ ಬೂದಿಯ ಮೇಲೆ ಹೊರಿಸಿದರೆ ಬಾವಿಯ ನೀರು ಪರೀಕ್ಷೆಯಿಲ್ಲದೆ ಉಳಿಯುತ್ತದೆ. ಎಲ್ಲವನ್ನೂ ಶಿಲೆಯ ಮೇಲೆ ಹೊರಿಸಿದರೆ ಸ್ಥಾವರ ಹೊಣೆಯಿಂದ ಜಾರಿಕೊಳ್ಳುತ್ತದೆ. ಎರಡರಲ್ಲೂ ನಷ್ಟ ರೈತನಿಗೇ. ಆದುದರಿಂದ ಅದೇ ಬಗೆಯ ಮಣ್ಣಿರುವ, ಬೂದಿ ತಲುಪದ ದೂರದ ಹೊಲವೊಂದರ ಮಾದರಿಯನ್ನು ಹೋಲಿಕೆಗೆ ಇಟ್ಟುಕೊಳ್ಳಲೇಬೇಕು. ಇನ್ನೊಂದು ಗುರುತೂ ಇದೆ. ಕುಲುಮೆಯ ಬಿಸಿಗೆ ಕರಗಿ ಗಟ್ಟಿಯಾದ ಹಾರುಬೂದಿಯ ಕಣ ಸೂಕ್ಷ್ಮದರ್ಶಕದಲ್ಲಿ ಗಾಜಿನ ಮಣಿಯಂತೆ ದುಂಡಗೆ ಕಾಣುತ್ತದೆ. ಮಣ್ಣಿನ ಕಣ ಅಂಕುಡೊಂಕು. ಕಾಲೇಜಿನ ಸೂಕ್ಷ್ಮದರ್ಶಕವೇ ಇದಕ್ಕೆ ಸಾಕು. ದುಂಡು ಕಣ ಬೂದಿ ಬಂದುದಕ್ಕೆ ಸಾಕ್ಷಿಯೇ ಹೊರತು ವಿಷದ ಪ್ರಮಾಣಕ್ಕಲ್ಲ. ಅದಕ್ಕೆ ರಾಸಾಯನಿಕ ವಿಶ್ಲೇಷಣೆಯೇ ಬೇಕು.

ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ನಿಯಮಗಳನ್ನು ಪ್ರಕಟಿಸಿತು. ಅದರಂತೆ ಶಂಕಿತ ಸ್ಥಳಗಳನ್ನು ಜಿಲ್ಲಾಡಳಿತ ಗುರುತಿಸಿ ವರದಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ನಡೆಸಬೇಕು. ಮಾದರಿ ತೆಗೆಯುವಾಗ ಊರಿನವರು ಜೊತೆಗಿರಲಿ. ಪ್ರತಿ ಮಾದರಿಯ ಒಂದು ಪಾಲು ಮೊಹರಾಗಿ ಗ್ರಾಮ ಪಂಚಾಯಿತಿಯಲ್ಲಿ ಉಳಿಯಲಿ ಎಂದು ನಾವು ಒತ್ತಾಯಿಸಬೇಕು.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದಿನ ಹೂಳು ನಿಂತಲ್ಲೇ ಇದೆ. ಉದ್ಯಮ ಮುಗಿದರೂ ಮಣ್ಣಿನ ಪ್ರಶ್ನೆ ಮುಗಿಯದು. ವಿದ್ಯಾರ್ಥಿಗಳೇ, ಈ ಬೇಸಿಗೆಯಲ್ಲಿ ನಿಮ್ಮೂರಿನ ಗದ್ದೆ, ತೋಟ, ಬೆಟ್ಟಗಳಿಂದ ಮಣ್ಣು ತೆಗೆದು, ಒಣಗಿಸಿ, ಜಾಗ ಮತ್ತು ದಿನಾಂಕ ಬರೆದು ಶಾಲೆಯ ಕಪಾಟಿನಲ್ಲಿಡಿ. ನಾಳೆ ಇಲ್ಲಿಗೊಂದು ಕಾರ್ಖಾನೆ ಬಂದರೆ, ಅದಕ್ಕೂ ಮೊದಲು ನೆಲ ಹೇಗಿತ್ತೆಂಬುದಕ್ಕೆ ಆ ಪೊಟ್ಟಣಗಳೇ ದಾಖಲೆಯಾಗುತ್ತವೆ.