ಪ್ರೋಟೀನಿನ ಭಾವಚಿತ್ರ



ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಬೆಳಕಿನ ಚಿಂತೆ ತಪ್ಪಿದ್ದಲ್ಲ. ಬೆಳಕು ಸಾಲದಿದ್ದರೆ ಚಿತ್ರದ ತುಂಬ ಕಾಳು ಚೆಲ್ಲಿದಂತೆ ಚುಕ್ಕೆಗಳು. ಇನ್ನೆರಡು ದೀಪ ಹಚ್ಚಿದರೆ ಮುಖ ಸ್ಪಷ್ಟವಾಗುತ್ತದೆ. ಆದರೆ ದೀಪ ಹಚ್ಚಿದೊಡನೆ ಸುಟ್ಟುಹೋಗುವಂಥ ವಸ್ತುವಿನ ಚಿತ್ರ ತೆಗೆಯಬೇಕಾದರೆ? ಪ್ರೋಟೀನುಗಳನ್ನು ನೋಡಹೊರಟ ವಿಜ್ಞಾನಿಗಳ ಪಾಡು ಇದೇ ಆಗಿತ್ತು.

ಪ್ರೋಟೀನು ಅಮೈನೋ ಆಮ್ಲಗಳ ಒಂದು ಸರಪಳಿ. ಅದು ಮಡಿಚಿಕೊಂಡು ಪಡೆಯುವ ಆಕಾರವೇ ಅದರ ಕೆಲಸವನ್ನು ನಿರ್ಧರಿಸುತ್ತದೆ. ಆ ಆಕಾರವನ್ನು ತಿಳಿಯಲು ಬಹುಕಾಲ ಇದ್ದ ಮುಖ್ಯ ದಾರಿ ಎಕ್ಸ್-ಕಿರಣಗಳದು. ಅದಕ್ಕೆ ಮೊದಲು ಪ್ರೋಟೀನನ್ನು ಹರಳುಗಟ್ಟಿಸಬೇಕು. ಜೀವಕೋಶದ ಪೊರೆಯಲ್ಲಿ ಹುದುಗಿರುವ ಎಷ್ಟೋ ಪ್ರೋಟೀನುಗಳು ಸುಲಭಕ್ಕೆ ಹರಳಾಗುವುದಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಾರದೇಕೆ? ನಾವು ಕಾಣುವ ಬೆಳಕಿನ ಅಲೆಗಿಂತ ಅಲ್ಲಿನ ಎಲೆಕ್ಟ್ರಾನಿನ ಅಲೆ ಲಕ್ಷ ಪಟ್ಟಿಗಿಂತಲೂ ಚಿಕ್ಕದು. ತೊಡಕು ಎರಡು. ಸೂಕ್ಷ್ಮದರ್ಶಕದ ಒಳಗೆ ನಿರ್ವಾತ. ನೀರು ಆವಿಯಾಗಿ ಪ್ರೋಟೀನು ಒಣಗಿ ಮುದುಡುತ್ತದೆ. ಇನ್ನು ಎಲೆಕ್ಟ್ರಾನುಗಳೇ ಅದರ ರಾಸಾಯನಿಕ ಬಂಧಗಳನ್ನು ಮುರಿದುಹಾಕುತ್ತವೆ.

ನೀರನ್ನು ಹೆಪ್ಪುಗಟ್ಟಿಸೋಣವೆಂದರೆ ಮಂಜಿನ ಹರಳುಗಳು ಅಡ್ಡ ಬರುತ್ತವೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಜಾಕ್ ದುಬೋಶೆ 1980ರ ದಶಕದ ಆರಂಭದಲ್ಲಿ ಇದಕ್ಕೆ ಉಪಾಯ ಕಂಡರು. ನೀರಿನ ಅಣುಗಳು ಸಾಲುಗೂಡಿ ಹರಳಾಗಲು ಪುರಸೊತ್ತೇ ಸಿಗದಷ್ಟು ವೇಗವಾಗಿ ತಣಿಸಿದರೆ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ನೈಟ್ರೋಜನಿನಲ್ಲಿ ಅದ್ದಿದರೆ ಸಾಲದು. ಕಾದ ಕಾವಲಿಯ ಮೇಲೆ ನೀರಿನ ಹನಿ ಆವಿಯ ಪದರದ ಮೇಲೆ ಓಡಾಡುವುದನ್ನು ನೀವು ನೋಡಿದ್ದೀರಿ. ಹಾಗೆಯೇ ನೈಟ್ರೋಜನ್ ಕುದಿದು ಅನಿಲದ ಹೊದಿಕೆಯಾಗಿ ತಣಿಸುವಿಕೆಯನ್ನು ನಿಧಾನಗೊಳಿಸುತ್ತದೆ. ಅದಕ್ಕೇ ನೈಟ್ರೋಜನಿನಿಂದ ತಣಿಸಿದ ದ್ರವ ಈಥೇನಿನಲ್ಲಿ ಅದ್ದುತ್ತಾರೆ. ನನಗಂತೂ ಈ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಈ ಅಡುಗೆಮನೆಯಂಥ ಜಾಣ್ಮೆ.

ಇನ್ನು ಸುಡುವ ತೊಂದರೆ. ಎಲೆಕ್ಟ್ರಾನುಗಳನ್ನು ಜಿಪುಣನಂತೆ ಬಳಸಬೇಕು, ಆಗ ಚಿತ್ರ ಮಸುಕು. ಯೋಆಕಿಂ ಫ್ರಾಂಕ್ ಅಮೆರಿಕದ ಆಲ್ಬನಿಯಲ್ಲಿ ಇದಕ್ಕೆ ಲೆಕ್ಕದ ದಾರಿ ಹುಡುಕಿದರು. ಚದುರಂಗದ ಸಾವಿರ ಕುದುರೆಗಳನ್ನು ನೆಲಕ್ಕೆ ಚೆಲ್ಲಿದರೆ ಒಂದೊಂದೂ ಒಂದೊಂದು ಮಗ್ಗುಲಿಗೆ ಬೀಳುತ್ತದಲ್ಲವೇ? ಪ್ರೋಟೀನಿನ ಕಣಗಳೂ ಹಾಗೆಯೇ. ಒಂದೇ ಮಗ್ಗುಲಿನವನ್ನು ಕಂಪ್ಯೂಟರ್ ಆರಿಸಿ ಸರಾಸರಿ ತೆಗೆಯುತ್ತದೆ. ನೂರು ಚಿತ್ರಗಳ ಸರಾಸರಿಯಲ್ಲಿ ಚುಕ್ಕೆಗಳ ಗದ್ದಲ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೇರೆ ಬೇರೆ ಮಗ್ಗುಲುಗಳನ್ನು ಜೋಡಿಸಿದರೆ ಮೂರು ಆಯಾಮದ ರೂಪ ದೊರೆಯುತ್ತದೆ.

ಕೇಂಬ್ರಿಜ್‌ನ ರಿಚರ್ಡ್ ಹೆಂಡರ್ಸನ್ 1990ರಲ್ಲಿ ಎಲೆಕ್ಟ್ರಾನುಗಳಿಂದಲೇ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನಿನ ಪರಮಾಣು ಮಟ್ಟದ ರಚನೆ ಕೊಟ್ಟಿದ್ದರು. 1975ರಲ್ಲಿ ಅದರ ಮೊದಲ ಸ್ಥೂಲ ರೂಪ ಪ್ರಕಟವಾಗಿ ಆಗಲೇ ಹದಿನೈದು ವರ್ಷಗಳಾಗಿದ್ದವು. ಆದರೂ ಬಹುಪಾಲು ಚಿತ್ರಗಳು ಮುದ್ದೆಗಳಂತೆಯೇ ಇದ್ದವು. ಎಲೆಕ್ಟ್ರಾನುಗಳನ್ನು ನೇರವಾಗಿ ಗುರುತಿಸುವ ಹೊಸ ಕ್ಯಾಮೆರಾಗಳು ಬಂದ ಮೇಲೆ, 2013ರಲ್ಲಿ, ಖಾರ ಮತ್ತು ಬಿಸಿಯನ್ನು ನಮಗೆ ತಿಳಿಸುವ ಟಿ.ಆರ್.ಪಿ.ವಿ.1 ಪ್ರೋಟೀನು ಹರಳಿಲ್ಲದೆಯೇ 3.4 ಆಂಗ್‌ಸ್ಟ್ರಮ್ ವಿವರದಲ್ಲಿ ಕಾಣಿಸಿತು. ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ದುಬೋಶೆ, ಫ್ರಾಂಕ್, ಹೆಂಡರ್ಸನ್ ಮೂವರಿಗೂ 2017ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಬೆಂಗಳೂರಿನ ಎನ್.ಸಿ.ಬಿ.ಎಸ್. ಆವರಣದಲ್ಲಿಯೂ ಇಂಥ ಸೂಕ್ಷ್ಮದರ್ಶಕದ ರಾಷ್ಟ್ರೀಯ ಕೇಂದ್ರವಿದೆ.

2020ರ ಜನವರಿಯಲ್ಲಿ ಕೊರೋನಾ ವೈರಸ್ಸಿನ ಜೀನೋಮ್ ಪ್ರಕಟವಾಯಿತು. ಫೆಬ್ರವರಿಯಲ್ಲೇ ಅದರ ಮುಳ್ಳಿನ ಪ್ರೋಟೀನಿನ ರಚನೆಯನ್ನು ಅಮೆರಿಕದ ಆಸ್ಟಿನ್‌ನ ತಂಡ ಇದೇ ವಿಧಾನದಿಂದ ಹೊರತಂದಿತು. ಲಸಿಕೆ ತಯಾರಕರು ಕಣ್ಣಿಟ್ಟಿದ್ದ ಪ್ರೋಟೀನು ಅದು.

ಇಷ್ಟೊಂದು ಆತುಕೊಂಡಿರುವಾಗ ಒಂದು ಪ್ರಶ್ನೆ ಕೇಳಲೇಬೇಕು. ಚುಕ್ಕೆಗಳ ರಾಶಿಯಿಂದ ಆರಿಸಿ ಕೂಡಿಸಿದ ಚಿತ್ರವನ್ನು ನಂಬುವುದು ಹೇಗೆ? 2013ರಲ್ಲಿ ಹೆಂಡರ್ಸನ್ ಸ್ವತಃ ಒಂದು ಎಚ್ಚರಿಕೆ ಬರೆದರು. ಏನೂ ಇಲ್ಲದ, ಬರೀ ಗದ್ದಲದ ಸಾವಿರ ಚಿತ್ರಗಳನ್ನು ಐನ್‌ಸ್ಟೈನ್ ಭಾವಚಿತ್ರಕ್ಕೆ ಹೊಂದುವಂತೆ ಸರಿಸಿ ಸರಾಸರಿ ತೆಗೆದರೆ ಐನ್‌ಸ್ಟೈನರೇ ಮೂಡಿಬರುತ್ತಾರೆ! ಹುಡುಕಿದ್ದೇ ಸಿಗುತ್ತದೆ. ಚಿತ್ರ ಕತ್ತರಿಸಿ ಜೋಡಿಸುವ ವೃತ್ತಿಯ ನನಗೆ ಇದು ಸ್ವಲ್ಪ ಚುಚ್ಚಿತು ಎನ್ನಿ.

ಆದ್ದರಿಂದ ಈಗ ಕಣಗಳ ಚಿತ್ರಗಳನ್ನು ಮೊದಲೇ ಎರಡು ಪಾಲು ಮಾಡುತ್ತಾರೆ. ಒಂದು ಪಾಲಿನ ಸುದ್ದಿ ಇನ್ನೊಂದಕ್ಕೆ ತಾಕದಂತೆ ಎರಡು ರೂಪಗಳನ್ನು ಬೇರೆ ಬೇರೆಯಾಗಿ ಕಟ್ಟಿ, ಕೊನೆಗೆ ಹೋಲಿಸುತ್ತಾರೆ. ಎಷ್ಟು ಸೂಕ್ಷ್ಮದವರೆಗೆ ಎರಡೂ ಒಪ್ಪುತ್ತವೆಯೋ ಅಷ್ಟನ್ನು ಮಾತ್ರ ಕಂಡದ್ದು ಎಂದು ಎಣಿಸುತ್ತಾರೆ. ಮುಂದೆ ಯಾವುದಾದರೂ ಪತ್ರಿಕೆಯಲ್ಲಿ ಪ್ರೋಟೀನಿನ ಬಣ್ಣದ ಚಿತ್ರ ಕಂಡರೆ, ಕೆಳಗಿರುವ ಆಂಗ್‌ಸ್ಟ್ರಮ್ ಸಂಖ್ಯೆಯನ್ನು ಹುಡುಕಿ ನೋಡಿ.